ನಡುವಯಸ್ಸಿನಲ್ಲಿ ವ್ಯಾಯಾಮ ಆರಂಭಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ನಲವತ್ತು ದಾಟಿದವರೊಂದಿಗೆ ವ್ಯಾಯಾಮದ ಮಾತು ತೆಗೆದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು, ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಅತ್ಯುತ್ತಮ ವ್ಯಾಯಾಮ ಯಾವುದೆಂದು ಹುಡುಕುತ್ತಾ ಕೂರುವುದಕ್ಕಿಂತ, ನಾಳೆಯೂ ಮಾಡಬೇಕೆನಿಸುವ ವ್ಯಾಯಾಮವನ್ನು ಕಂಡುಕೊಳ್ಳುವುದು ಈ ವಯಸ್ಸಿನಲ್ಲಿ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಉತ್ತರಗಳನ್ನು ಓದುವಾಗ ಇದು ಗಮನದಲ್ಲಿರಲಿ.

## ಆರಂಭಕ್ಕೂ ಮುನ್ನ

ನನಗೀಗ 47. ಶಾಲೆ ಬಿಟ್ಟ ಮೇಲೆ ಮೈದಾನಕ್ಕೇ ಇಳಿದಿಲ್ಲ. ಈಗ ಶುರು ಮಾಡಿದರೆ ಏನಾದರೂ ಉಪಯೋಗವಿದೆಯೇ?

ಖಂಡಿತವಾಗಿ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಿ, ಅವರ ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಎಷ್ಟು ಕುಗ್ಗುತ್ತದೆ ಎಂದು ಅಳೆದರು. ಮೂವತ್ತು ವರ್ಷಗಳ ನಂತರ, ಐವತ್ತರ ಹರೆಯದಲ್ಲಿದ್ದ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಅಂದಿನ ಮೂರು ವಾರಗಳ ಹಾಸಿಗೆವಾಸ ಮಾಡಿದ ಹಾನಿಯೇ ದೊಡ್ಡದೆಂದು ಕಂಡುಬಂತು. ಆ ಬಳಿಕ ಆರು ತಿಂಗಳು ನಿಧಾನವಾಗಿ ಹೆಚ್ಚಿಸುತ್ತಾ ಹೋದ ನಡಿಗೆ, ಓಟ, ಸೈಕಲ್ ಸವಾರಿಯಿಂದ ಅವರ ಸಾಮರ್ಥ್ಯ ಸರಾಸರಿಯಾಗಿ ಇಪ್ಪತ್ತರ ವಯಸ್ಸಿನ ಮಟ್ಟಕ್ಕೆ ಮರಳಿತು. ಐವರ ಮೇಲಿನ ಚಿಕ್ಕ ಅಧ್ಯಯನವಾದರೂ ಅದು ತೋರಿಸಿದ ದಿಕ್ಕು ಸರಿಯಾದದ್ದೆಂದು ನಂತರದ ಅನೇಕ ಅಧ್ಯಯನಗಳು ದೃಢಪಡಿಸಿವೆ. ವಯಸ್ಸಾಯಿತೆಂದು ನಾವು ಹೊಣೆ ಹೊರಿಸುವ ದೌರ್ಬಲ್ಯದಲ್ಲಿ ಬಹುಪಾಲು ಬಳಸದೆ ಬಿಟ್ಟ ದೇಹದ್ದು.

ಮೊದಲು ಡಾಕ್ಟರ ಹತ್ತಿರ ಹೋಗಲೇಬೇಕೇ?

ಹತ್ತು ನಿಮಿಷದ ಸಾಧಾರಣ ನಡಿಗೆಗೆ ಬಹುತೇಕ ಯಾರಿಗೂ ಅನುಮತಿ ಬೇಕಾಗಿಲ್ಲ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು, ತಲೆ ತಿರುಗಿ ಬಿದ್ದ ಅನುಭವವಿರುವವರು ಮಾತ್ರ ವೈದ್ಯರನ್ನು ಕಂಡೇ ಮುಂದುವರಿಯಬೇಕು. ಉಳಿದವರೂ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯನ್ನು ಒಮ್ಮೆ ಮಾಡಿಸಿಕೊಳ್ಳಲಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತವಾಗಿದ್ದು, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಿನ ಮತ್ತು ಸ್ಥಳವನ್ನು ತಿಳಿಸುತ್ತಾರೆ. ರಕ್ತದೊತ್ತಡ 180/110ಕ್ಕಿಂತ ಹೆಚ್ಚಿದ್ದರೆ ಅದು ಹಿಡಿತಕ್ಕೆ ಬರುವವರೆಗೆ ಶ್ರಮದ ವ್ಯಾಯಾಮ ಬೇಡ.

ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಮಾತಿದೆ. ಈ ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿದುಕೊಳ್ಳುವುದುಂಟು. ಅದನ್ನು ವ್ಯಾಯಾಮವಿಲ್ಲದ ಜಡತ್ವವೆಂದು ತಿಳಿದು ಬಲವಂತವಾಗಿ ಬಗ್ಗಿಸಲು ಹೋಗಬಾರದು. ಊರಿನ ನೀರಿನ ಬಗ್ಗೆ ಅನುಮಾನವಿದ್ದರೆ ಅದನ್ನು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ.

ಅಪ್ಪು ಅವರಂಥ ಗಟ್ಟಿಮುಟ್ಟಾದ ಮನುಷ್ಯನೇ ಹೋದ ಮೇಲೆ, ಜಿಮ್ ಅಂದರೆ ಮನೆಯವರು ಹೆದರುತ್ತಾರೆ. ಏನು ಹೇಳಲಿ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರ ಈ ಭಯ ಮನೆಮನೆಗೂ ಹೊಕ್ಕಿತು, ಮತ್ತು ಅದು ಪ್ರೀತಿಯಿಂದ ಹುಟ್ಟಿದ ಭಯವಾದ್ದರಿಂದ ಅದನ್ನು ತಳ್ಳಿಹಾಕುವುದು ತರವಲ್ಲ. ಒಬ್ಬರ ಸಾವಿನಿಂದ ವ್ಯಾಯಾಮದ ಬಗ್ಗೆ ತೀರ್ಮಾನಕ್ಕೆ ಬರಲಾಗದು. ವೈದ್ಯಶಾಸ್ತ್ರಕ್ಕೆ ತಿಳಿದಿರುವುದು ಇಷ್ಟು: ರೂಢಿಯಿಲ್ಲದ ದೇಹವನ್ನು ಏಕಾಏಕಿ ತೀವ್ರ ಶ್ರಮಕ್ಕೆ ನೂಕಿದರೆ ಆ ಹೊತ್ತಿನಲ್ಲಿ ಹೃದಯಕ್ಕೆ ಅಪಾಯ ಸ್ವಲ್ಪ ಹೆಚ್ಚುತ್ತದೆ, ನಿಯಮಿತವಾಗಿ ಶ್ರಮಪಡುವವರಲ್ಲಿ ಆ ಅಪಾಯವೂ ಕಡಿಮೆ, ಒಟ್ಟಾರೆ ಹೃದ್ರೋಗದ ಅಪಾಯವೂ ಕಡಿಮೆ. ಆದ್ದರಿಂದ ಮನೆಯವರಿಗೆ ವ್ಯಾಯಾಮವನ್ನು ಬಿಡುತ್ತೇನೆಂದು ಹೇಳುವ ಬದಲು, ನಿಧಾನವಾಗಿ ಆರಂಭಿಸುತ್ತೇನೆಂದು ಮಾತು ಕೊಡಿ.

ಎಚ್ಚರಿಕೆಯ ಲಕ್ಷಣಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಎದೆ ಹಿಂಡಿದಂತಾಗುವುದು, ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಎಂದೂ ಇಲ್ಲದ ಏದುಸಿರು ಕಂಡರೆ ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವುದು ಪ್ರಾಣಕ್ಕೇ ಎರವಾಗಬಹುದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಕೇವಲ ಸುಸ್ತು, ವಾಕರಿಕೆ ಕಾಣಿಸಿಕೊಳ್ಳುವುದೂ ಉಂಟು. ಕೂಡಲೇ 108ಕ್ಕೆ ಕರೆ ಮಾಡಬೇಕು. ಪುನೀತ್ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿಯೂ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಡುವ ವ್ಯವಸ್ಥೆಯಿದೆ.

ದಿನವಿಡೀ ಹೊಲದಲ್ಲಿ ದುಡಿಯುತ್ತೇನೆ. ನನಗೂ ಬೇರೆ ವ್ಯಾಯಾಮ ಬೇಕೇ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದುಡಿಮೆಯ ಶ್ರಮವೂ ಶ್ರಮವೇ, ಅದನ್ನು ಕಡೆಗಣಿಸಬೇಕಾಗಿಲ್ಲ. ಆದರೆ ಹೊಲದ ಕೆಲಸ ಒಂದೇ ಭಂಗಿಯ ಕೆಲಸ. ಭತ್ತದ ನಾಟಿ, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಸೊಂಟವನ್ನು ಗಂಟೆಗಟ್ಟಲೆ ಬಗ್ಗಿಸಿಯೇ ಇಡುತ್ತವೆ. ಅಂಥವರಿಗೆ ಬೇಕಾದದ್ದು ಮತ್ತಷ್ಟು ದಣಿವಲ್ಲ. ಸಂಜೆ ಹತ್ತು ನಿಮಿಷ ಬೆನ್ನನ್ನು ಹಿಂದಕ್ಕೆ ಬಾಗಿಸುವ, ಎದೆ ತೆರೆಯುವ, ತೊಡೆಯ ಹಿಂಭಾಗವನ್ನು ಸಡಿಲಿಸುವ ಚಲನೆಗಳು. ಟ್ರ್ಯಾಕ್ಟರ್ ಮತ್ತು ಕೊಯ್ಲು ಯಂತ್ರ ಬಂದ ಮೇಲೆ ಕೆಲಸದ ಸ್ವರೂಪ ಬದಲಾಗಿದ್ದರೆ, ಅಥವಾ ಕಾಲುವೆಗೆ ನೀರು ಬಿಡದ ತಿಂಗಳುಗಳಲ್ಲಿ ಮನೆಯಲ್ಲಿಯೇ ಕೂರುವಂತಾಗಿದ್ದರೆ, ನೀವೂ ಎಲ್ಲರಂತೆ ನಡಿಗೆಗೆ ಹೊರಡಬೇಕು.

ಜೀನ್ಸ್ ಹೊಲಿಯುವ ಕೆಲಸ ನನ್ನದು. ಎಂಟು-ಹತ್ತು ತಾಸು ಕೂತೇ ಇರುತ್ತೇನೆ. ಬೆಳಗ್ಗೆ ಅರ್ಧ ತಾಸು ನಡೆದರೆ ಸಾಕೇ?

ಬೆಳಗಿನ ಅರ್ಧ ತಾಸು ದೊಡ್ಡ ಲಾಭವೇ ಸರಿ, ಆದರೆ ಕೂರುವ ಅವಧಿಯನ್ನು ನಡುನಡುವೆ ಮುರಿಯುವುದೂ ಬೇಕು. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಪರಿಶೀಲಿಸಿದಾಗ, ಸದಾ ಕುಳಿತಿರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆಯಿರುವುದು ಕಂಡುಬಂದಿತ್ತು. ಬಳ್ಳಾರಿಯ ಹೊಲಿಗೆ ಘಟಕಗಳಲ್ಲಿ ಪೀಸ್ ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ಏಳುವ ಪ್ರತಿ ನಿಮಿಷಕ್ಕೂ ಬೆಲೆಯಿದೆ ಎಂಬುದನ್ನು ಬಲ್ಲೆ. ಆದರೂ ಬಂಡಲ್ ಬದಲಿಸುವಾಗ ಎದ್ದು ನಿಂತು ಹಿಮ್ಮಡಿಯನ್ನು ಹತ್ತು ಬಾರಿ ಎತ್ತಿ ಇಳಿಸಿ, ಭುಜಗಳನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೂರಲು ಅರ್ಧ ನಿಮಿಷವಷ್ಟೇ ಸಾಕು.

## ಮನಸ್ಸಿಗೆ ಒಪ್ಪುವುದನ್ನು ಹುಡುಕುವುದು

ವಾಕಿಂಗ್ ಅಂದರೆ ನನಗೆ ಬೇಸರ. ಮೂರು ದಿನಕ್ಕೇ ಬಿಟ್ಟುಬಿಡುತ್ತೇನೆ. ಬೇರೆ ದಾರಿ ಇದೆಯೇ?

ಇದು ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ, ಏಕೆಂದರೆ ಇದನ್ನು ಕೇಳುವವರು ತಮ್ಮಲ್ಲಿ ಛಲವಿಲ್ಲವೆಂದು ನೊಂದುಕೊಂಡಿರುತ್ತಾರೆ, ವಾಸ್ತವದಲ್ಲಿ ಅವರಿಗೆ ಹೊಂದದ ವ್ಯಾಯಾಮವನ್ನು ಯಾರೋ ಅವರ ಮೇಲೆ ಹೇರಿರುತ್ತಾರೆ. ನಡಿಗೆ ಸುಲಭ, ಖರ್ಚಿಲ್ಲದ್ದು, ಆದರೆ ಅದೊಂದೇ ವ್ಯಾಯಾಮವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಯಾರೂ ಹೇಳದೆಯೇ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಬಾವಿಯಲ್ಲಿ ಈಜುತ್ತಿದ್ದವರಿಗೆ ಈಜುಕೊಳ, ವಾಲಿಬಾಲ್ ಆಡುತ್ತಿದ್ದವರಿಗೆ ಸಂಜೆಯ ಷಟಲ್, ಬಾಡಿಗೆ ಸೈಕಲ್ ತುಳಿದು ಬೆಳೆದವರಿಗೆ ಭಾನುವಾರದ ಆನೆಗೊಂದಿ ಸವಾರಿ ಇಂದಿಗೂ ಹಿಡಿಸುವ ಸಾಧ್ಯತೆ ಹೆಚ್ಚು. ಮೊಹರಮ್ ಬಂತೆಂದರೆ ಅಲಾಯಿ ಹೆಜ್ಜೆಗೆ ಕಾಲು ತಾನಾಗಿ ಏಳುವ ಊರುಗಳು ನಮ್ಮವು. ಹೆಜ್ಜೆ ಹಾಕಲು, ಕೋಲಾಟವಾಡಲು ಬಲ್ಲವರಿಗೆ ವಾರಕ್ಕೆ ಮೂರು ಸಂಜೆ ಅದೇ ವ್ಯಾಯಾಮವಾಗಬಾರದೇಕೆ? ಅರ್ಧ ತಾಸಿನ ಕೋಲಾಟದಲ್ಲಿ ಉಸಿರು, ಸಮತೋಲನ, ನೆನಪಿನ ಶಕ್ತಿ ಮೂರಕ್ಕೂ ಕೆಲಸವಿದೆ. ಓಣಿಯಲ್ಲಿ ಗರಡಿಮನೆ ಇನ್ನೂ ಉಳಿದಿದ್ದರೆ, ಅಲ್ಲಿನ ಹಿರಿಯರ ಕಣ್ಣೆದುರಿನಲ್ಲಿ ಕೆಲವೇ ಬಸ್ಕಿಗಳಿಂದ ಆರಂಭಿಸುವುದು ಯಾವ ಜಿಮ್ಮಿಗೂ ಕಡಿಮೆಯಲ್ಲ.

ನಂತರ ನಿಮ್ಮ ಸ್ವಭಾವವನ್ನು ನೋಡಿಕೊಳ್ಳಿ. ಇಡೀ ದಿನ ಗಿರಾಕಿಗಳ ನಡುವೆ ಇರುವ ಅಂಗಡಿಯವರಿಗೆ ಒಂಟಿಯಾಗಿ ನಡೆಯುವ ಅರ್ಧ ತಾಸೇ ವಿಶ್ರಾಂತಿ. ಮನೆಯಲ್ಲಿ ಒಬ್ಬರೇ ಇರುವವರಿಗೆ ಗುಂಪಿನಲ್ಲಿ ಮಾಡುವ ಯೋಗದ ತರಗತಿ ಚೆನ್ನ. ಸೋಲು ಗೆಲುವು ಇದ್ದರೆ ಮಾತ್ರ ಉತ್ಸಾಹ ಬರುವವರಿದ್ದಾರೆ, ಅದರಿಂದಲೇ ಮುದುಡುವವರೂ ಇದ್ದಾರೆ. ಒಂದನ್ನು ಆರಿಸಿಕೊಂಡು ಎರಡು ವಾರ ಪ್ರಯೋಗ ಮಾಡಿ. ಮುಗಿಸಿ ಮನೆಗೆ ಬಂದ ಅರ್ಧ ತಾಸಿನ ನಂತರ ಮನಸ್ಸು ಹೇಗಿರುತ್ತದೆ ಎಂಬುದನ್ನು ಗಮನಿಸಿ. ಆರಂಭದ ಐದು ನಿಮಿಷದ ಬೇಸರ ಎಲ್ಲರಿಗೂ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಏದುಸಿರು ಮಿತಿಮೀರಿದಾಗ ಯಾವ ವ್ಯಾಯಾಮವೂ ಹಿಂಸೆಯಾಗುತ್ತದೆ. ಅನೇಕರು ದ್ವೇಷಿಸುವುದು ವ್ಯಾಯಾಮವನ್ನಲ್ಲ, ತಮ್ಮ ಶಕ್ತಿಗೆ ಮೀರಿದ ವೇಗವನ್ನು. ವೇಗ ತಗ್ಗಿಸಿ ನೋಡಿದ ಮೇಲೂ ಹಿಡಿಸದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಸಂಕೋಚ ಬೇಡ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೇ?

ಬೇಕಿಲ್ಲ. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಪ್ರಚಾರಕ್ಕೆ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕು. ಅಷ್ಟು ಸಾಧ್ಯವಾಗದಿದ್ದರೂ ಮಾಡಿದಷ್ಟಕ್ಕೆ ಫಲವಿದೆ ಎಂದು ಅದೇ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ ಹತ್ತು-ಹದಿನೈದು ನಿಮಿಷ ಮಾಡಿದರೆ ಸಾಕೆಂಬುದು ನನ್ನ ಸಲಹೆ.

ಸಾಧಾರಣ ಶ್ರಮವೆಂದರೆ ಎಷ್ಟು? ನನ್ನ ಬಳಿ ಸ್ಮಾರ್ಟ್ ವಾಚ್ ಇಲ್ಲ.

ಜೊತೆಯವರೊಂದಿಗೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಹಾಡಲೂ ಸಾಧ್ಯವಾದರೆ ವೇಗ ಕಡಿಮೆಯಾಯಿತು. ಎರಡು ಮಾತಿಗೇ ಉಸಿರು ಕಟ್ಟಿದರೆ ಹೆಚ್ಚಾಯಿತು.

ನಮ್ಮ ಬೇಸಿಗೆಯಲ್ಲಿ ವ್ಯಾಯಾಮ ಮಾಡುವುದಾದರೂ ಹೇಗೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಬೆಳಗಿನ ಏಳರೊಳಗೆ ಹೊರಗಿನ ವ್ಯಾಯಾಮ ಮುಗಿದಿರಬೇಕು. ಸೂರ್ಯ ಮುಳುಗಿದ ಮೇಲೂ ಬಂಡೆಗುಡ್ಡಗಳು, ಸಿಮೆಂಟ್ ರಸ್ತೆಗಳು ಬಹಳ ಹೊತ್ತು ಶಾಖವನ್ನು ಹೊರಸೂಸುತ್ತಿರುವುದರಿಂದ ಸಂಜೆಗಿಂತ ನಸುಕು ಲೇಸು. ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕಾದ್ದರಿಂದ, ಸೆಕೆ ಏರುವ ದಿನಗಳಲ್ಲಿ ಅವಧಿಯನ್ನು ಅರ್ಧಕ್ಕೆ ಇಳಿಸಿ. ಹೊರಡುವ ಮುನ್ನ ನೀರು, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಕುಡಿಯಿರಿ. ರಕ್ತದೊತ್ತಡವಿರುವವರು ಉಪ್ಪಿಲ್ಲದೆ ಕುಡಿಯಲಿ. ತಲೆ ಸಿಡಿತ, ವಾಕರಿಕೆ, ಸೆಳೆತ ಬಂದರೆ ನೆರಳಿಗೆ ಸರಿದು ಮೈಮೇಲೆ ನೀರು ಹಾಕಿಕೊಳ್ಳಬೇಕು; ಮಾತು ತಡವರಿಸಿದರೆ, ಗಲಿಬಿಲಿಯಾದರೆ ಅದು ತುರ್ತು ಸ್ಥಿತಿ. ರಂಜಾನ್ ಉಪವಾಸವಿರುವವರು ಇಫ್ತಾರ್ ಮುಗಿಸಿ ಒಂದು-ಎರಡು ತಾಸಿನ ನಂತರ ನಡೆಯುವುದು ಸೂಕ್ತ. ಬೇಸಿಗೆಯ ಎರಡು ತಿಂಗಳು ಮನೆಯೊಳಗಿನ ಸೂರ್ಯನಮಸ್ಕಾರಕ್ಕೆ, ಬಲದ ವ್ಯಾಯಾಮಕ್ಕೆ ಮೀಸಲಾದರೂ ನಷ್ಟವಿಲ್ಲ.

ರಸ್ತೆಯಲ್ಲಿ ಲಾರಿ ಧೂಳು, ಓಣಿಯಲ್ಲಿ ನಾಯಿಗಳು. ಎಲ್ಲಿ ನಡೆಯಲಿ?

ಅದಿರು ಮತ್ತು ಬೂದಿ ಸಾಗಿಸುವ ಲಾರಿಗಳ ಹೆದ್ದಾರಿಯ ಬದಿಯಲ್ಲಿ, ಕಾರ್ಖಾನೆಗಳ ಹೊಗೆ ಕವಿಯುವ ಕಡೆಯಲ್ಲಿ ಜೋರಾಗಿ ಉಸಿರಾಡುತ್ತಾ ನಡೆಯುವುದು ಸರಿಯಲ್ಲ. ಹೆದ್ದಾರಿಯಿಂದ ಒಳಗೆ ಸರಿದಷ್ಟೂ ಗಾಳಿ ಉತ್ತಮ. ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಸುತ್ತಮುತ್ತ, ರಾಯಚೂರಿನ ಕೋಟೆಯ ಆಸುಪಾಸು, ಕೊಪ್ಪಳದ ಗವಿಮಠದ ಕಡೆ, ಎಲ್ಲ ಊರುಗಳಲ್ಲಿಯೂ ಶಾಲಾ ಕಾಲೇಜು ಮೈದಾನಗಳು ನಸುಕಿನಲ್ಲಿ ಒಳ್ಳೆಯ ಜಾಗಗಳು. ಗಂಗಾವತಿ, ಸಿಂಧನೂರು ಭಾಗದವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಹತ್ತಿರವಿರುತ್ತದೆ. ಅಲ್ಲಿ ಹುಳ-ಹುಪ್ಪಟೆಯ ಭಯವಿರುವುದರಿಂದ ಬೆಳಕು ಹರಿಯುವ ಮುನ್ನ ಟಾರ್ಚ್ ಇಲ್ಲದೆ ಹೋಗಬೇಡಿ, ಕಾಲುವೆಗೆ ಈಜಲು ಎಂದಿಗೂ ಇಳಿಯಬೇಡಿ; ಮೇಲೆ ಶಾಂತವಾಗಿ ಕಂಡರೂ ಒಳಗಿನ ಸೆಳೆತ ಬಲವಾಗಿರುತ್ತದೆ. ನಾಯಿಗಳ ವಿಷಯದಲ್ಲಿ ಓಡದಿರುವುದು, ಇಬ್ಬರು ಮೂವರು ಸೇರಿ ಹೋಗುವುದು, ಕೈಯಲ್ಲೊಂದು ಕೋಲು ಹಿಡಿಯುವುದು ಸಾಕಾಗುತ್ತದೆ. ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಸೀರೆ ಉಟ್ಟು ಬಿರುಸಾಗಿ ನಡೆದರೆ ಜನ ನೋಡುತ್ತಾರೆಂಬ ಸಂಕೋಚ. ಏನು ಮಾಡಲಿ?

ಸೀರೆ ನಡಿಗೆಗೆ ಅಡ್ಡಿಯಲ್ಲ. ಒಂದೆರಡು ಇಂಚು ಮೇಲಕ್ಕೆ ಉಟ್ಟು, ಕಾಲಿಗೆ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ ಶೂ ಹಾಕಿಕೊಳ್ಳಿ. ಸಂಕೋಚಕ್ಕೆ ನಾನು ಕಂಡ ಮದ್ದು ಜೊತೆ. ಓಣಿಯ ಮೂವರು ಅಕ್ಕತಂಗಿಯರು ಒಟ್ಟಿಗೆ ಹೊರಟರೆ ಹದಿನೈದು ದಿನಗಳಲ್ಲಿ ಊರಿಗೆ ಅದು ರೂಢಿಯಾಗಿಬಿಡುತ್ತದೆ, ಆ ತಿಂಗಳೊಳಗೇ ನಾಲ್ಕನೆಯವರು ತಾವಾಗಿ ಬಂದು ಸೇರುತ್ತಾರೆ. ಹೊರಗೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಗದಿದ್ದರೆ ಮಾಳಿಗೆಯ ಮೇಲೆ ಆರಂಭಿಸಿ.

## ನೋವು ಮತ್ತು ಕಾಯಿಲೆಗಳ ನಡುವೆ

ಮೊಣಕಾಲು ಸವೆದಿದೆ ಎಂದಿದ್ದಾರೆ. ನಡೆದರೆ ಇನ್ನಷ್ಟು ಸವೆಯುವುದಿಲ್ಲವೇ?

ಸವೆಯುವುದಿಲ್ಲ. ಮೊಣಕಾಲಿನ ಸಂಧಿವಾತಕ್ಕೆ ಇಂದು ವೈದ್ಯರು ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ವ್ಯಾಯಾಮವೇ ಒಂದು. ಕೀಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಚಲನೆಯಿಂದ ಕೀಲಿನ ದ್ರವ ಒಳಹೊರಗೆ ಆಡಿದಾಗಲೇ ಅದಕ್ಕೆ ಪೋಷಣೆ. ತೊಡೆಯ ಮುಂಭಾಗದ ಸ್ನಾಯು ಬಲಗೊಂಡಂತೆ ಮೊಣಕಾಲಿನ ಮೇಲಿನ ಭಾರವೂ ಹಗುರಾಗುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದನ್ನು ಹತ್ತು ಬಾರಿ ಮಾಡಿ ಕಾಲು ಬದಲಿಸಿ. ವ್ಯಾಯಾಮದ ವೇಳೆ ಬರುವ ಸಣ್ಣ ನೋವು ಮರುದಿನದೊಳಗೆ ಇಳಿದರೆ ಮುಂದುವರಿಸಬಹುದು. ಇಳಿಯದಿದ್ದರೆ ಪ್ರಮಾಣವನ್ನು ತಗ್ಗಿಸಿ. ಕೀಲು ಊದಿ ಬಿಸಿಯಾಗಿದ್ದರೆ, ನಡೆಯುವಾಗ ಹಠಾತ್ತನೆ ಸಿಕ್ಕಿಕೊಂಡರೆ ವೈದ್ಯರಿಗೆ ತೋರಿಸಿ.

ಶುಗರ್ ಇದೆ. ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ?

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದಿಂದ ಸಕ್ಕರೆ 70ಕ್ಕಿಂತ ಕೆಳಗಿಳಿಯುವ ಅಪಾಯವಿದೆ. ಅಂಥವರು ಏನಾದರೂ ತಿಂದು ಹೊರಡಬೇಕು, ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಬೇಕು. ಕೈ ನಡುಗಿ ಬೆವರು ಬಂದರೆ ತಕ್ಷಣ ತಿನ್ನಬೇಕು. ಊಟದ ನಂತರದ ಹತ್ತು-ಹದಿನೈದು ನಿಮಿಷಗಳ ನಡಿಗೆ ಊಟದಿಂದ ಏರುವ ಸಕ್ಕರೆಯನ್ನು ತಗ್ಗಿಸುವುದರಿಂದ, ಬೆಳಗಿನ ಒಂದೇ ದೀರ್ಘ ನಡಿಗೆಗಿಂತ ಅದು ಅನೇಕರಿಗೆ ಹೆಚ್ಚು ಒಪ್ಪುತ್ತದೆ. ಬರಿಗಾಲಿನಲ್ಲಿ ನಡೆಯಬಾರದು, ಮನೆಗೆ ಬಂದ ಮೇಲೆ ಅಂಗಾಲನ್ನು ನೋಡಿಕೊಳ್ಳಬೇಕು. ನಡಿಗೆ ಮುಗಿಸಿ ಒಗ್ಗರಣೆ-ಮಿರ್ಚಿ ತಿನ್ನುವ ರೂಢಿಯನ್ನು ವಾರಕ್ಕೊಂದು ದಿನಕ್ಕೆ ಇಳಿಸಿಕೊಳ್ಳಲು ಸಾಧ್ಯವಾದರೆ ಒಳ್ಳೆಯದು.

ಹೇಳಲು ನಾಚಿಕೆ. ಜಿಗಿದರೆ, ಜೋರಾಗಿ ನಡೆದರೆ ಮೂತ್ರ ಸೋರುತ್ತದೆ. ವ್ಯಾಯಾಮ ಬಿಡಬೇಕೇ?

ಬಿಡಬೇಕಿಲ್ಲ, ನಾಚಿಕೆಯೂ ಬೇಡ; ಹೆರಿಗೆಯಾದ ಹಾಗೂ ಮುಟ್ಟು ನಿಲ್ಲುವ ವಯಸ್ಸಿನ ಅನೇಕ ಹೆಂಗಸರಲ್ಲಿ ಇದಿದೆ. ಮೂತ್ರವನ್ನು ತಡೆಹಿಡಿಯುವ ಸ್ನಾಯುಗಳನ್ನು ಐದರಿಂದ ಹತ್ತು ಎಣಿಸುವವರೆಗೆ ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಿಸುವುದನ್ನು ಹತ್ತು ಬಾರಿ, ದಿನಕ್ಕೆ ಮೂರು ಸಲ, ಮೂರು ತಿಂಗಳು ಬಿಡದೆ ಮಾಡಿದರೆ ಬಹಳಷ್ಟು ಮಂದಿಗೆ ಗುಣ ಕಾಣುತ್ತದೆ. ಅಲ್ಲಿಯವರೆಗೆ ಜಿಗಿತವಿಲ್ಲದ ವ್ಯಾಯಾಮವನ್ನು ಆರಿಸಿಕೊಳ್ಳಿ. ಗುಣ ಕಾಣದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ.

## ಮುಂದಿನ ಹಂತ

ಭಾರ ಎತ್ತುವುದು ಹುಡುಗರ ಕೆಲಸವಲ್ಲವೇ? ನಮಗೇಕೆ?

ಮೂವತ್ತರ ನಂತರ ಪ್ರತಿ ದಶಕಕ್ಕೆ ಸುಮಾರು 3ರಿಂದ 8 ಪ್ರತಿಶತದಷ್ಟು ಸ್ನಾಯು ಕರಗುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸಾಂದ್ರತೆಯೂ ವೇಗವಾಗಿ ಇಳಿಯುತ್ತದೆ. ಆದ್ದರಿಂದ ಬಲದ ವ್ಯಾಯಾಮ ಹುಡುಗರಿಗಿಂತ ನಮಗೇ, ಅದರಲ್ಲಿಯೂ ಹೆಂಗಸರಿಗೆ, ಹೆಚ್ಚು ಅಗತ್ಯ. ಕುರ್ಚಿಯಿಂದ ಕೈಯ ಆಸರೆಯಿಲ್ಲದೆ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಐದು ಲೀಟರ್ ನೀರಿನ ಕ್ಯಾನನ್ನು ಸೊಂಟ ನೇರವಾಗಿಟ್ಟು ಎತ್ತಿ ಇಳಿಸುವುದು, ಎರಡೂ ಕೈಯಲ್ಲಿ ಭಾರ ಹಿಡಿದು ಅಂಗಳದುದ್ದಕ್ಕೂ ನಡೆಯುವುದು ಆರಂಭಕ್ಕೆ ಸಾಕು. ಎಂಟರಿಂದ ಹನ್ನೆರಡು ಬಾರಿಯ ಎರಡು ಸುತ್ತು, ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಒಂದು ದಿನದ ಬಿಡುವು ಇರಲಿ. ಎತ್ತುವಾಗ ಉಸಿರು ಬಿಡಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಜೋಳದ ರೊಟ್ಟಿಯ ಜೊತೆ ಕಾಳುಪಲ್ಯ, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ ತಪ್ಪದೆ ಇದ್ದರೆ ಸ್ನಾಯುವಿಗೆ ಬೇಕಾದ ಪ್ರೋಟೀನ್ ಬಹುಮಟ್ಟಿಗೆ ಸಿಗುತ್ತದೆ. ಜಿಮ್ ಸೇರಬೇಕೆನಿಸಿದರೆ ಸಂತೋಷ, ಆದರೆ ಮೊದಲೇ ಇಡೀ ವರ್ಷದ ಶುಲ್ಕ ಕಟ್ಟದೆ ಒಂದು ತಿಂಗಳು ಹೋಗಿ ನೋಡಿ.

21 ದಿನ ಮಾಡಿದರೆ ರೂಢಿಯಾಗುತ್ತದೆ ಎನ್ನುತ್ತಾರೆ. ನನಗೆ ಎರಡು ತಿಂಗಳಾದರೂ ಆಗಿಲ್ಲವಲ್ಲ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ಬೇರೂರಲು ಹಿಡಿದ ಕಾಲ ಸಾಮಾನ್ಯವಾಗಿ 66 ದಿನಗಳ ಆಸುಪಾಸಿನಲ್ಲಿತ್ತು. ಒಬ್ಬೊಬ್ಬರಲ್ಲಿ ಅದು 18ರಿಂದ 254 ದಿನಗಳವರೆಗೂ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಮದುವೆ, ಜಾತ್ರೆ, ಜ್ವರ, ಸುಗ್ಗಿಯಿಂದ ಎರಡು ವಾರ ತಪ್ಪಿದರೆ ನಿಲ್ಲಿಸಿದಲ್ಲಿಂದ ಹಿಡಿಯಲು ಹೋಗದೆ, ಅರ್ಧ ಪ್ರಮಾಣದಿಂದ ಮತ್ತೆ ಆರಂಭಿಸಿ.

ಬರುವ ವರ್ಷ ಅಂಜನಾದ್ರಿ ಬೆಟ್ಟವನ್ನು ನಿಲ್ಲದೆ ಹತ್ತಬೇಕೆಂಬ ಆಸೆ. ಹೇಗೆ ಸಿದ್ಧವಾಗಲಿ?

ಒಳ್ಳೆಯ ಗುರಿ. ಆನೆಗೊಂದಿ ಬಳಿಯ ಅಂಜನಾದ್ರಿಗೆ ಸುಮಾರು 575 ಮೆಟ್ಟಿಲುಗಳಿವೆ. ಸಮತಟ್ಟಿನಲ್ಲಿ ಅರ್ಧ ತಾಸು ಆಯಾಸವಿಲ್ಲದೆ ನಡೆಯಲು ಬಂದ ಮೇಲೆ ವಾರಕ್ಕೆ ಎರಡು ದಿನ ಮೆಟ್ಟಿಲಿನ ಅಭ್ಯಾಸ ಸೇರಿಸಿ. ಮೊದಲ ವಾರ ಮನೆಯ ಅಥವಾ ಕಚೇರಿಯ ಇಪ್ಪತ್ತು ಮೆಟ್ಟಿಲುಗಳನ್ನು ಐದು ಬಾರಿ ಹತ್ತಿ ಇಳಿಯಿರಿ, ವಾರಕ್ಕೊಂದೆರಡು ಬಾರಿಯಂತೆ ಹೆಚ್ಚಿಸುತ್ತಾ ಮೂರು-ನಾಲ್ಕು ತಿಂಗಳಲ್ಲಿ ಮೂವತ್ತರ ಸಮೀಪಕ್ಕೆ ಬನ್ನಿ. ಕುರ್ಚಿಯಿಂದ ಏಳುವ ವ್ಯಾಯಾಮವನ್ನು ಬಿಡಬೇಡಿ. ಹತ್ತುವ ದಿನ ಸೂರ್ಯ ಮೇಲೇರುವ ಮುನ್ನ ಬುಡದಲ್ಲಿರಿ, ಮಾತನಾಡಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹತ್ತಿರಿ, ನೀರಿನ ಬಾಟಲಿ ಜೊತೆಗಿರಲಿ, ಕೈಯಲ್ಲಿ ತಿನಿಸಿನ ಚೀಲವಿದ್ದರೆ ಕೋತಿಗಳು ಬಿಡುವುದಿಲ್ಲ.

ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ತೊಡೆಗೆ ಕಷ್ಟ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುವುದರಿಂದ ಅದರ ನೋವು ಒಂದರಿಂದ ಮೂರು ದಿನಗಳ ನಡುವೆ ಏರಿ, ನಂತರ ತಾನಾಗಿ ಇಳಿಯುತ್ತದೆ. ಅಭ್ಯಾಸದ ದಿನಗಳಲ್ಲಿಯೇ ಇಳಿಯುವುದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದರೆ ಈ ನೋವು ಬಹಳ ಕಡಿಮೆ. ಅವಸರದಲ್ಲಿ ಎರಡೆರಡು ಮೆಟ್ಟಿಲು ಇಳಿಯದೆ, ಮೊಣಕಾಲನ್ನು ಸ್ವಲ್ಪ ಬಗ್ಗಿಸಿಟ್ಟು, ಕಂಬಿಯಿರುವ ಕಡೆ ಕಂಬಿ ಹಿಡಿದು ಇಳಿಯಿರಿ. ಮರುದಿನ ಪೂರ್ತಿ ಮಲಗದೆ ಹದಿನೈದು ನಿಮಿಷ ಮೆಲ್ಲನೆ ನಡೆದರೆ ತೊಡೆ ಬೇಗ ಸಡಿಲವಾಗುತ್ತದೆ.